ಅಂಬರನಾಥೀಯ ದ್ವಾರಭಂಜನ ಮೀಮಾಂಸೆ

ಶಾಸ್ತ್ರ ಬರೆಯಲು ಕೂತವನು ಬಾಯಿ ತೆರೆದ ಕೂಡಲೇ ನಾಲ್ಕು ಸಂಗತಿ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ: ವಿಷಯ ಯಾವುದು, ಓದಲು ಅಧಿಕಾರಿ ಯಾರು, ಓದಿದರೆ ಪ್ರಯೋಜನವೇನು, ಇದಕ್ಕೂ ನಮಗೂ ಸಂಬಂಧವೇನು. ವಿಷಯ ‘ಸಿಐಡಿ’. ಸೋನಿ ವಾಹಿನಿಯಲ್ಲಿ 1998ರ ಜನವರಿ 21ರಂದು ಹುಟ್ಟಿ, 2018ರ ಅಕ್ಟೋಬರ್ 27ರವರೆಗೆ 1547 ಕಂತು ಓಡಿ, ಆರು ವರ್ಷ ಶವದಂತೆ ಮಲಗಿ, 2024ರ ಡಿಸೆಂಬರ್‌ನಲ್ಲಿ ಮೈಮುರಿದು ಎದ್ದು ಕೂತ ಹಿಂದಿ ಪತ್ತೇದಾರಿ ಧಾರಾವಾಹಿ. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯತೆಯುಳ್ಳವನು, ಮೂವರು ಕೂರುವ ಮುಂಬಯಿ ಲೋಕಲ್ ರೈಲಿನ ಬೆಂಚಿನ ನಾಲ್ಕನೇ ಸೀಟಿನ ತುದಿಗೆ ಅರ್ಧ ಮೈ ಊರಿ ಅಂಬರನಾಥದವರೆಗೆ ಬಂದ ಅನುಭವವಿರುವ ಯಾವ ಜೀವವೂ ಆಗಬಹುದು. ಪ್ರಯೋಜನ ಮೋಕ್ಷವಲ್ಲ, ಅಷ್ಟು ದೂರ ಲೋಕಲ್ ಹೋಗುವುದಿಲ್ಲ. ಇನ್ನು ಸಂಬಂಧ: ಧಾರಾವಾಹಿಯಲ್ಲಿ ಬಾಗಿಲು ಒಡೆಯುವ ಇನ್ಸ್‌ಪೆಕ್ಟರ್ ದಯಾ, ಅಂದರೆ ದಯಾನಂದ ಶೆಟ್ಟಿ, ಉಡುಪಿ ಬಳಿಯ ಕಟಪಾಡಿಯವರು. ಅಂಬರನಾಥ ಸ್ಟೇಷನ್ನಿನ ಆಸುಪಾಸಿನ ಉಡುಪಿ ಹೋಟೆಲುಗಳಲ್ಲಿ ಗಲ್ಲಾದ ಹಿಂದೆ ಕೂತವರಿಗೆ ಈ ನಾಲ್ಕನೆಯದೊಂದೇ ಸಾಕು. ಮೊದಲ ಮೂರು ಇಲ್ಲದಿದ್ದರೂ ಶಾಸ್ತ್ರ ನಡೆಯುತ್ತದೆ.

ಧಾರಾವಾಹಿ ನೋಡದೆ ಬೆಳೆದ ದುರ್ದೈವಿಗಳಿಗಾಗಿ ಸ್ವಲ್ಪ ವಿವರ. ನಿರ್ಮಾತೃ ಬಿ.ಪಿ. ಸಿಂಗ್. ಮುಖ್ಯ ಪತ್ತೇದಾರ ಎಸಿಪಿ ಪ್ರದ್ಯುಮ್ನ. ಆ ಪಾತ್ರ ಮಾಡಿದ ಶಿವಾಜಿ ಸಾಟಮ್ ಅದಕ್ಕೆ ಮುಂಚೆ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, ಇದೇ ಸಿಂಗ್ ಅವರ ‘ಏಕ್ ಶೂನ್ಯ ಶೂನ್ಯ’ ಎಂಬ ಮರಾಠಿ ಪೊಲೀಸ್ ಧಾರಾವಾಹಿಯಲ್ಲಿ ದೂರದರ್ಶನದ ಕಾಲದಲ್ಲೇ ಪಳಗಿದವರು. ಅವರ ಕೈಕೆಳಗೆ ದಯಾ ಮತ್ತು ಅಭಿಜಿತ್. ದೆವ್ವಕ್ಕೂ ಹೆಂಡತಿಗೂ ಸಮಾನವಾಗಿ ಹೆದರುವ ಫ್ರೆಡ್ರಿಕ್ಸ್. ಪ್ರಯೋಗಶಾಲೆಯಲ್ಲಿ ಬಣ್ಣಬಣ್ಣದ ನೀರನ್ನು ಒಂದು ಗಾಜಿನಿಂದ ಇನ್ನೊಂದಕ್ಕೆ ಸುರಿದು ಕೊಲೆಗಾರನ ವಿಳಾಸ ಹೇಳುವ ಡಾಕ್ಟರ್ ಸಾಳುಂಖೆ. ಶರ್ಲಾಕ್ ಹೋಮ್ಸ್‌ಗೆ ಅವನ ಕರ್ತೃ ಕೊಟ್ಟದ್ದು ನಾಲ್ಕು ಕಾದಂಬರಿ, 56 ಕಥೆ, ಒಟ್ಟು 60. ಪ್ರದ್ಯುಮ್ನ ಸಾಹೇಬರ ಲೆಕ್ಕದಲ್ಲಿ ಅದು ಸರ್ವಿಸಿಗೆ ಸೇರಿದ ಹೊಸತರಲ್ಲಿ ಮುಗಿಸಿದ ಕೆಲಸ.

ಪ್ರಶ್ನೆ ಇಷ್ಟೇ. ಇದನ್ನು ಜನ ಇಪ್ಪತ್ತು ವರ್ಷ ಯಾಕೆ ನೋಡಿದರು? ಅದರಲ್ಲೂ ಅಂಬರನಾಥದಲ್ಲಿ ಯಾಕೆ ನೋಡಿದರು?

ಪೂರ್ವಪಕ್ಷ

ಕೊಂದವರು ಯಾರು ಎಂಬ ಕುತೂಹಲವೇ ಆಕರ್ಷಣೆಯೆಂದು ಒಂದು ಮತವಿದೆ. ಈ ಮತವನ್ನು ನಮ್ಮ ಸೊಸೈಟಿಯ ಎರಡನೇ ಮಾಳಿಗೆಯ ದೊಡ್ಡಮ್ಮ ಬಹಳ ಹಿಂದೆಯೇ ಖಂಡಿಸಿಯಾಗಿದೆ. ಅವರು ಪುತ್ತೂರು ಕಡೆಯವರು, ಮದುವೆಯಾಗಿ ಬಂದಂದಿನಿಂದ ಅಂಬರನಾಥವಾಸಿ, ಸಿಐಡಿ ವಿಷಯದಲ್ಲಿ ಸಾಂಪ್ರದಾಯಿಕ ಪಾಠ ಉಳಿಸಿಕೊಂಡ ಏಕೈಕ ಆಚಾರ್ಯೆ. ಅವರ ಸೂತ್ರಗಳು ಚಿಕ್ಕವು. ಶವದ ಮುಂದೆ ಎಲ್ಲರಿಗಿಂತ ಹೆಚ್ಚು ಅತ್ತವರು ಕೊಂದಿಲ್ಲ. ಎಸಿಪಿಗೆ ಚಹಾ ಬೇಕೇ ಎಂದು ಕೇಳಿದವನು ಕೊಂದಿದ್ದಾನೆ. ಜಾಹೀರಾತಿಗೆ ಮುಂಚೆ ಅಭಿಜಿತ್ ಯಾರ ಕಾಲರ್ ಹಿಡಿದನೋ ಅವನು ನಿರಪರಾಧಿ, ಯಾಕೆಂದರೆ ಕಂತು ಇನ್ನೂ ಅರ್ಧ ಉಳಿದಿದೆ. ಇವನ್ನು ಹಿಡಿದುಕೊಂಡು ದೊಡ್ಡಮ್ಮ ಹಪ್ಪಳ ಕರಿಯುತ್ತಲೇ, ಟಿವಿಯ ಕಡೆ ಬೆನ್ನು ಹಾಕಿಕೊಂಡೇ, ಐದು ನಿಮಿಷದೊಳಗೆ ಕೊಲೆಗಾರನನ್ನು ಹೇಳಿಬಿಡುತ್ತಾರೆ. ಹೇಳಿದ ಮೇಲೂ ಕೊನೆಯವರೆಗೆ ನೋಡುತ್ತಾರೆ. ಉತ್ತರ ಗೊತ್ತಿದ್ದೂ ನೋಡುವುದರಿಂದ, ಉತ್ತರಕ್ಕಾಗಿ ನೋಡುವುದಲ್ಲವೆಂದು ಸಿದ್ಧವಾಯಿತು.

ತರ್ಕದ ಸೊಗಸೇ ಆಕರ್ಷಣೆಯೆಂಬುದು ಇನ್ನೊಂದು ಮತ. ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಗೌತಮರ ನ್ಯಾಯಶಾಸ್ತ್ರದಲ್ಲಿ ಅನುಮಾನಕ್ಕೆ ಐದು ಅಂಗ, ಪ್ರತಿ ಕಂತಿನಲ್ಲೂ ಐದೂ ಇವೆ. ‘ಇಲ್ಲೇನೋ ಎಡವಟ್ಟಾಗಿದೆ’ ಎಂದು ಎಸಿಪಿ ಹೇಳುವುದು ಪ್ರತಿಜ್ಞೆ. ಸಾಳುಂಖೆ ಕೊಡುವುದು ಹೇತು. ಫ್ರೆಡ್ರಿಕ್ಸ್ ತನ್ನ ಹೆಂಡತಿಯ ಮಾತು ತೆಗೆಯುವುದು ಉದಾಹರಣೆ, ಅದಕ್ಕೆ ಬೈಸಿಕೊಳ್ಳುವುದು ಉಪನಯ, ಗಲ್ಲು ಖಾಯಂ ಎಂದು ಎಸಿಪಿ ಘೋಷಿಸುವುದು ನಿಗಮನ. ನ್ಯಾಯಾಧೀಶರು ಮಾಡಬೇಕಾದ ಕೆಲಸವನ್ನು ಪೊಲೀಸರೇ ಮಾಡಿ ಮುಗಿಸುವುದರಿಂದ ಕಾಲವೂ ಉಳಿಯುತ್ತದೆ. ವಾದದಲ್ಲಿ ಎದುರಾಳಿ ಸೋತನೆಂದು ಗುರುತಿಸಲು ಗೌತಮರು 22 ನಿಗ್ರಹಸ್ಥಾನಗಳನ್ನು ಎಣಿಸಿದ್ದಾರೆ. ಸಿಐಡಿ ಸಂಪ್ರದಾಯದಲ್ಲಿ ನಿಗ್ರಹಸ್ಥಾನ ಒಂದೇ, ಅದು ಎಡಗೆನ್ನೆ. ದಯಾನ ಕೈ ಅಲ್ಲಿಗೆ ತಲುಪಿದ ಮರುಕ್ಷಣ ಆರೋಪಿ ತನ್ನ ಬಾಲ್ಯದಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಶೆಟ್ಟರು ಹಿಂದೆ ಡಿಸ್ಕಸ್ ಎಸೆತದ ಕ್ರೀಡಾಪಟು ಎಂಬುದನ್ನು ಈ ಸಂದರ್ಭದಲ್ಲಿ ಮರೆಯಬಾರದು.

ಆದರೂ ಈ ಮತ ಅಂಬರನಾಥದಲ್ಲಿ ನಿಲ್ಲದು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂಬುದು ನೈಯಾಯಿಕರು ಎರಡು ಸಾವಿರ ವರ್ಷದಿಂದ ಬಿಡದೆ ಹೇಳುತ್ತಿರುವ ಉದಾಹರಣೆ. ಅವರು ಆಷಾಢದಲ್ಲಿ ಒಂದು ದಿನ ಇಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರೆ ಗ್ರಂಥ ತಿದ್ದುತ್ತಿದ್ದರು. ಮಲಂಗಗಡದ ನೆತ್ತಿಯಲ್ಲಿ ಹೊಗೆಯಂತೆ ಕಾಣುವುದು ಮೋಡ, ಅಲ್ಲಿ ಬೆಂಕಿಯಿಲ್ಲ. ನಿಜವಾದ ಹೊಗೆ ಇರುವುದು ಬಯಲಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಚಿಮಣಿಗಳಲ್ಲಿ. ಅಲ್ಲಿ ಬೆಂಕಿಯುಂಟೋ ಇಲ್ಲವೋ ಎಂದು ಯಾರೂ ಊಹಿಸಬೇಕಾಗಿಲ್ಲ, ಮೂಗು ಹೇಳುತ್ತದೆ. ಇನ್ನು ಬೆಂಕಿಯ ಮಾತಾದರೆ, 1923ರಲ್ಲಿ ಸ್ವೀಡನ್ನಿನ ಕಂಪನಿ ಸ್ಥಾಪಿಸಿದ ವಿಮ್ಕೋ ದಶಕಗಳ ಕಾಲ ಇದೇ ಊರಿನ ಕಾರ್ಖಾನೆಯಲ್ಲಿ ಕಡ್ಡಿಗೆ ಮದ್ದು ಹಚ್ಚಿ, ಪೆಟ್ಟಿಗೆಯಲ್ಲಿ ತುಂಬಿ, ದೇಶಕ್ಕೆಲ್ಲ ಹಂಚಿತು. ಬೆಂಕಿಯನ್ನು ಡಜನ್ ಲೆಕ್ಕದಲ್ಲಿ ಪ್ಯಾಕ್ ಮಾಡಿದ ಊರಿಗೆ ಅನುಮಾನಪ್ರಮಾಣದ ಹಂಗೇಕೆ?

ಮೂರನೆಯದು, ಇದೆಲ್ಲ ಹಿಂದಿಯವರ ಹುಚ್ಚು, ಕನ್ನಡಿಗರಿಗೆ ಇದರ ಸೋಂಕಿಲ್ಲವೆಂಬ ಮತ. ಇದನ್ನು ಹೇಳುವವರಿಗೆ ಎನ್. ನರಸಿಂಹಯ್ಯನವರ ಹೆಸರು ಗೊತ್ತಿರಲಿಕ್ಕಿಲ್ಲ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರು ದಾಟಿ ಪತ್ತೇದಾರಿ ಕಾದಂಬರಿ ಬರೆದು, ಬಾಡಿಗೆ ಪುಸ್ತಕದಂಗಡಿಗಳಿಗೆ ಒಂದು ಕಾಲಕ್ಕೆ ಅನ್ನ ಕೊಟ್ಟವರು. ಅಕ್ಷರ ಕಲಿತ ಮೇಲೆ ಕನ್ನಡದಲ್ಲಿ ಓದುವ ಅಭ್ಯಾಸ ಎಷ್ಟೋ ಮಂದಿಗೆ ಹತ್ತಿದ್ದು ಪಂಪನಿಂದಲ್ಲ, ಪುರುಷೋತ್ತಮನಿಂದ. ಅಷ್ಟೇ ಅಲ್ಲ, ನವೆಂಬರ್ ಬಂದರೆ ಮುಂಬಯಿಯಿಂದ ಕರ್ಜತ್‌ವರೆಗೆ ಕನ್ನಡ ಸಂಘಗಳೆಲ್ಲ ಹಾರಿಸುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಒಂದು ಭಾಷೆಯ ಧ್ವಜವನ್ನೇ ಪತ್ತೇದಾರಿ ಲೇಖಕ ಕೊಟ್ಟ ಇನ್ನೊಂದು ಉದಾಹರಣೆ ಜಗತ್ತಿನಲ್ಲಿದ್ದರೆ ತೋರಿಸಿ. ವಿದ್ವಾಂಸರು ಇದನ್ನು ಅಡಿಟಿಪ್ಪಣಿಯಲ್ಲೂ ಹೇಳುವುದಿಲ್ಲ. ಆದ್ದರಿಂದ ನಾನು ಇಲ್ಲಿ ನಡುಪುಟದಲ್ಲೇ ಹೇಳಿದ್ದೇನೆ.

ಹಸ್ತಾಧಿಕರಣ

ಪತ್ತೇದಾರನೆಂದರೆ ಅವನಿಗೊಂದು ವಿಚಿತ್ರ ಚಾಳಿ ಇರಲೇಬೇಕು. ಹೋಮ್ಸ್ ಪಿಟೀಲು ಕೊಯ್ಯುತ್ತಾನೆ, ಪ್ವಾರೋ ಮೀಸೆ ತೀಡುತ್ತಾನೆ, 1985ರಲ್ಲಿ ದೂರದರ್ಶನಕ್ಕೆ ಬಂದ ಕರಮ್‌ಚಂದ್ ಕ್ಯಾರೆಟ್ ಕಡಿಯುತ್ತಾನೆ. ಪ್ರದ್ಯುಮ್ನ ಸಾಹೇಬರ ಚಾಳಿಗಳು ಎರಡು. ಮೊದಲನೆಯದು, ಗಾಳಿಯಲ್ಲಿ ಬೆರಳು ಬಿಡಿಸಿ ಕೈಯನ್ನು ತಿರುವುವುದು. ‘ಅಭಿನಯದರ್ಪಣ’ದ 28 ಅಸಂಯುತ ಹಸ್ತಗಳಲ್ಲಿ ಹುಡುಕಿದೆ, ಇಂಥದ್ದು ಸಿಗಲಿಲ್ಲ. ಪತಾಕವಲ್ಲ, ಅಲಪದ್ಮದ ಹತ್ತಿರ ಬಂದರೂ ಮಣಿಕಟ್ಟಿನಲ್ಲಿ ತಪ್ಪುತ್ತದೆ. ಶಾಸ್ತ್ರದಲ್ಲಿಲ್ಲದ್ದು ಲೋಕದಲ್ಲಿ ಸಿಕ್ಕೀತೆಂದು ನೋಡಿದರೆ ಸೆಂಟ್ರಲ್ ರೈಲ್ವೆಯಲ್ಲಿ ಸಿಕ್ಕಿತು. ದಾದರಿನಲ್ಲಿ ಹತ್ತಿ, ಸೀಟಿನ ಸಾಲಿನ ನಡುವೆ ಹೇಗೋ ನುಸುಳಿ ನಿಂತವನು, ಕಿಟಕಿ ಪಕ್ಕ ಕೂತವನ ಕಡೆ ಹುಬ್ಬೆತ್ತಿ, ಐದು ಬೆರಳು ಬಿಡಿಸಿ, ಕೈಯನ್ನು ಹೀಗೆ ತಿರುವುತ್ತಾನೆ. ಎಲ್ಲಿ ಇಳಿಯುತ್ತೀ ಎಂದು ಅದರ ಅರ್ಥ. ಕೂತವನು ತುಟಿಯಲ್ಲೇ ‘ಡೊಂಬಿವಲಿ’ ಎನ್ನುತ್ತಾನೆ. ಆ ಕ್ಷಣದಿಂದ ಆ ಸೀಟು ನಿಂತವನ ಹೆಸರಿಗೆ ಬರೆದಂತೆ, ರಿಜಿಸ್ಟರ್ ಆಫೀಸಿನಲ್ಲೂ ಅಷ್ಟು ಖಚಿತವಾದ ನೋಂದಣಿ ಆಗುವುದಿಲ್ಲ. ಎಸಿಪಿ ಶವದ ಮುಂದೆ ನಿಂತು ಕೈ ತಿರುವುವುದೂ ಇದೇ ಪ್ರಶ್ನೆ. ಹೊರಟವನು ಹೊರಟಾಯಿತು, ಆ ಜಾಗಕ್ಕೆ ಕಣ್ಣು ಹಾಕಿದ್ದವರು ಯಾರು? ಬಹುಪಾಲು ಕಂತುಗಳಲ್ಲಿ ಕೊಲೆಗೆ ಕಾರಣ ಆಸ್ತಿ ಎಂಬುದನ್ನು ನೆನೆದರೆ ಈ ವ್ಯಾಖ್ಯಾನ ಎಷ್ಟು ಬಿಗಿಯೆಂದು ತಿಳಿಯುತ್ತದೆ.

ಎರಡನೆಯ ಚಾಳಿ ಇನ್ನೂ ಗಹನ. ಎಲ್ಲರಿಗೂ ಕಾಣುತ್ತಿರುವುದನ್ನು ಎಸಿಪಿ ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಬೆನ್ನಲ್ಲಿ ಚಾಕು ನೆಟ್ಟ ಹೆಣ ಬಿದ್ದಿದೆ. ಸಾಹೇಬರು ಕುಕ್ಕರಗಾಲಲ್ಲಿ ಕೂತು, ಒಂದು ನಿಟ್ಟುಸಿರು ಬಿಟ್ಟು, ಹಾಗಾದರೆ ಇವನನ್ನು ಯಾರೋ ಕೊಂದಿದ್ದಾರೆ ಎನ್ನುತ್ತಾರೆ. ಪಟ್ಟಣದ ಹುಡುಗರು ಇದನ್ನು ನೋಡಿ ನಗುತ್ತಾರೆ, ಮೊಬೈಲಿನಲ್ಲಿ ಚಿತ್ರ ಮಾಡಿ ಹಂಚುತ್ತಾರೆ. ಕಲ್ಯಾಣದಿಂದ ಮುಂದೆ ಪ್ರಯಾಣ ಮಾಡಿದವರು ನಗುವುದಿಲ್ಲ. ಕಲ್ಯಾಣಕ್ಕೂ ವಿಠ್ಠಲವಾಡಿಗೂ ನಡುವೆ ಗಾಡಿ ಸುಮ್ಮನೆ ನಿಂತುಬಿಡುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ. ಆಗ ಪ್ರತಿ ಡಬ್ಬಿಯಲ್ಲೂ ಒಬ್ಬ ಹಿರಿಯ, ಬಾಗಿಲ ಕಂಬಿ ಹಿಡಿದು ಹೊರಗೆ ಇಣುಕಿ, ಒಳಗೆ ತಿರುಗಿ, ಗಂಭೀರವಾಗಿ ‘ಗಾಡಿ ನಿಂತಿದೆ’ ಎಂದು ಸಾರುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ‘ಮುಂದೆ ಏನೋ ಆಗಿದೆ’ ಎನ್ನುತ್ತಾನೆ. ಅವನಿಗೂ ನಮಗೂ ಗೊತ್ತಿರುವುದು ಒಂದೇ. ಆದರೂ ಇಡೀ ಡಬ್ಬಿಯ ಭುಜಗಳು ಒಂದಿಷ್ಟು ಸಡಿಲವಾಗುತ್ತವೆ. ಯಾರೋ ಒಬ್ಬ ತನಿಖೆ ಕೈಗೆತ್ತಿಕೊಂಡಿದ್ದಾನೆ! ಪತ್ತೇದಾರನಿಂದ ಜನಕ್ಕೆ ಬೇಕಾದದ್ದು ಹೊಸ ಸಂಗತಿ ಅಲ್ಲವೇ ಅಲ್ಲ. ತಮಗೆ ಆಗಿರುವುದನ್ನು ಯೂನಿಫಾರಮ್ಮಿನ ಗತ್ತಿರುವ ಯಾರಾದರೂ ಒಪ್ಪಿಕೊಳ್ಳಬೇಕು, ಅಷ್ಟೆ. (ಎಸಿಪಿ ಯೂನಿಫಾರಂ ಹಾಕಿದ್ದು ಬಲು ಅಪರೂಪ, ಗತ್ತು ಮಾತ್ರ ಇದೆ.)

ಶಾಸನಾಧಿಕರಣ

ಅಂಬರನಾಥದಲ್ಲಿ ಪತ್ತೇದಾರಿಕೆ 1998ಕ್ಕೆ ಶುರುವಾದದ್ದೆಂದು ತಿಳಿದವರ ಕಣ್ಣು ತೆರೆಸಲು ಒಂದು ಹಳೆಯ ಕೇಸು. ವಾಲಧುನಿ ಹೊಳೆಯ ದಂಡೆಯ ಶಿವಾಲಯ ಕಟ್ಟಿದ್ದು ಯಾರು? ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಲು ಹೋಗಿ, ಬೆಳಗಾಯಿತೆಂದು ಅರ್ಧಕ್ಕೆ ಬಿಟ್ಟರೆಂದು ಸ್ಥಳೀಯ ಸಾಕ್ಷಿಗಳ ಹೇಳಿಕೆ. ಆದರೆ ಉತ್ತರ ಬಾಗಿಲಿನ ತೊಲೆಯ ಮೇಲೆ ಒಂದು ಶಾಸನವಿದೆ. 1868ರಲ್ಲಿ ಸರ್ಕಾರ ಮುಂಬಯಿಯ ಜೆ.ಜೆ. ಕಲಾಶಾಲೆಯವರನ್ನು ಕಳಿಸಿ ಗುಡಿಯ ನಕ್ಷೆ ಬರೆಸಿತು, ಅಚ್ಚು ತೆಗೆಸಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಫೊರೆನ್ಸಿಕ್ ತಂಡ. ಡಾಕ್ಟರ್ ಭಾವು ದಾಜಿ ಶಾಸನ ಓದಿ ಶಕ 782 ಎಂದರು. ಅನಂತರ ಬಂದ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಮತ್ತೆ ಓದಿ, ಮೊದಲನೆಯದು ಏಳಲ್ಲ, ಒಂಬತ್ತು ಎಂದರು. ಶಕ 982, ಅಂದರೆ ಕ್ರಿ.ಶ. 1060, ಶಿಲಾಹಾರ ದೊರೆ ಮುಮ್ಮುಣಿಯ ಕಾಲ. ಒಂದೇ ಒಂದು ಅಂಕಿಯ ಬಾಲದಲ್ಲಿ ಇನ್ನೂರು ವರ್ಷ ಅಡಗಿತ್ತು. ಸಾಳುಂಖೆಯವರು ಯಾವ ಕಂತಿನಲ್ಲೂ ಒಂದು ಗೀಟಿನಿಂದ ಇಷ್ಟು ಹಿಂಡಿದ್ದು ನನಗೆ ನೆನಪಿಲ್ಲ.

ಈ ಕೇಸು ಯಾಕೆ ಧಾರಾವಾಹಿಯಾಗಲಿಲ್ಲ? ಕಾರಣ ಸ್ಪಷ್ಟ. ಪುರಾವೆ ಸಿಕ್ಕಿತು, ದಿನಾಂಕ ಸಿಕ್ಕಿತು, ರಾಜನ ಹೆಸರು ಸಿಕ್ಕಿತು. ಶಿವರಾತ್ರಿಯ ಜಾತ್ರೆಯ ಸಾಲಿನಲ್ಲಿ ನಿಂತು ಕೇಳಿ ನೋಡಿ, ಇವತ್ತಿಗೂ ಕಟ್ಟಿದ್ದು ಪಾಂಡವರೇ. ಯಾರೂ ಕೆನ್ನೆಗೆ ಹೊಡೆಯಲಿಲ್ಲ, ಯಾರೂ ತಪ್ಪೊಪ್ಪಿಕೊಳ್ಳಲಿಲ್ಲ. ಸತ್ಯ ಹೊರಬಂದರೆ ಸಾಲದು, ಅದು ಹೊರಬಂದ ಸದ್ದು ಕೇಳಬೇಕು. ನೈಯಾಯಿಕರು ಕೊನೆಗಿಟ್ಟ ಶಬ್ದಪ್ರಮಾಣವನ್ನು ಸಿಐಡಿ ಮೊದಲಿಗೆ ತಂದಿತು, ಶಬ್ದ ಮಾತ್ರ ಮರದ್ದು.

ದ್ವಾರಾಧಿಕರಣ

ಇಲ್ಲಿಗೆ ಸಿದ್ಧಾಂತಕ್ಕೆ ಬಂದೆವು. ಸಿಐಡಿಯ ಆಕರ್ಷಣೆ ಕೊಲೆಯಲ್ಲಿಲ್ಲ, ತರ್ಕದಲ್ಲಿಲ್ಲ, ಪೂರ್ತಿಯಾಗಿ ಎಸಿಪಿಯ ಬೆರಳಲ್ಲೂ ಇಲ್ಲ. ಅದು ಇರುವುದು ಬಾಗಿಲಲ್ಲಿ. ಎಸಿಪಿ ಆಜ್ಞೆ ಕೊಡುತ್ತಾರೆ, ದಯಾ ಎರಡು ಹೆಜ್ಜೆ ಹಿಂದೆ ಸರಿದು ಒದೆಯುತ್ತಾನೆ, ಬಾಗಿಲು ಹೋಗುತ್ತದೆ. ಅರ್ಜಿಯಿಲ್ಲ, ನಾಳೆ ಬನ್ನಿ ಎಂಬುದಿಲ್ಲ, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂಬುದಿಲ್ಲ. 2014ರ ‘ಸಿಂಗಂ ರಿಟರ್ನ್ಸ್’ ಸಿನಿಮಾಕ್ಕೆ ಶೆಟ್ಟರನ್ನು ದಯಾ ಎಂಬ ಹೆಸರಿನಲ್ಲೇ ಕರೆದುಕೊಂಡು ಹೋಗಿ ಅಲ್ಲೂ ಬಾಗಿಲು ಒಡೆಸಿದರು. ಬೇರೊಬ್ಬರ ಕಥೆಯೊಳಗೂ ಈ ಮನುಷ್ಯ ಒಡೆದೇ ಒಳಗೆ ಹೋಗಬೇಕೆಂದು ಥಿಯೇಟರಿನ ಜನಕ್ಕೂ ಗೊತ್ತಿತ್ತು, ಶಿಳ್ಳೆ ಹಾಕಿದರು.

ಈಗ ಅಂಬರನಾಥದ ಬಾಗಿಲುಗಳನ್ನು ವಿಚಾರಿಸೋಣ. ಮುಖ್ಯವಾದದ್ದು ಬೆಳಗಿನ ಲೋಕಲ್‌ನದು. ಹಳೆಯ ಲೋಕಲ್‌ಗಳ ಬಾಗಿಲು ಮುಚ್ಚುವುದೇ ಇಲ್ಲ, ಸದಾ ತೆರೆದಿರುತ್ತದೆ. ಆದರೂ ಎಂಟು ಗಂಟೆಗೆ ಕರ್ಜತ್ ಕಡೆಯಿಂದ ಬದಲಾಪುರ ದಾಟಿ ಬಂದ ಗಾಡಿಯೊಳಗೆ ಹೋಗಲು ಆಗುವುದಿಲ್ಲ. ತೆರೆದಿರುವ, ಆದರೆ ಪ್ರವೇಶವಿಲ್ಲದ ದ್ವಾರ! ಅದ್ವೈತಿಗಳು ಅನಿರ್ವಚನೀಯವೆಂದು ಏನನ್ನು ಕರೆದರೋ ಅದನ್ನು ಇಲ್ಲಿ ದಿನಾ ಪ್ಲಾಟ್‌ಫಾರ್ಮಿನಿಂದ ನೋಡಬಹುದು. ಬಾಗಿಲಲ್ಲಿ ನೇತಾಡುತ್ತಿರುವವರು ಕೈಬೀಸಿ ಹಿಂದಿನ ಗಾಡಿ ಖಾಲಿ ಇದೆ ಎನ್ನುತ್ತಾರೆ. ಅದು ಖಾಲಿ ಇದ್ದ ಉದಾಹರಣೆಯಿಲ್ಲ. ಇಂಥ ಬಾಗಿಲಿಗೆ ಬೆನ್ನು ತೋರಿಸಿ, ಅಂಬರನಾಥದಿಂದಲೇ ಹೊರಡುವ ಲೋಕಲ್ಲಿಗೆ ಕಾದು, ಮುಂಬಯಿ ತಲುಪಿ, ದಿನವಿಡೀ ಇನ್ನಷ್ಟು ಬಾಗಿಲುಗಳ ಮುಂದೆ ನಿಂತು, ರಾತ್ರಿ 60 ಕಿಲೋಮೀಟರು ವಾಪಸ್ ಬಂದವನು ಮನೆ ಹೊಕ್ಕಾಗ ಹತ್ತು ಗಂಟೆ ದಾಟಿರುತ್ತದೆ. ವಾರಾಂತ್ಯದ ಸಿಐಡಿ ಶುರುವಾಗಿ ಅರ್ಧ ಮುಗಿದಿರುತ್ತದೆ. ಸತ್ತವನು ಯಾರೆಂದು ಇವನಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕೈಕಾಲು ತೊಳೆದು, ತಟ್ಟೆ ಮುಂದಿಟ್ಟುಕೊಂಡು, ಮೊದಲ ತುತ್ತು ಬಾಯಿಗಿಡುವಾಗ ಸರಿಯಾಗಿ ದಯಾನ ಕಾಲು ಮೇಲೇಳುತ್ತದೆ. ಆ ದಿನ ಅವನು ಕಂಡ ಬಾಗಿಲುಗಳಲ್ಲಿ ಹೇಳಿದ ಮಾತಿಗೆ ತೆರೆದದ್ದು ಅದೊಂದೇ.

ಕಥೆಯ ಮೊದಲರ್ಧ ತಪ್ಪಿಹೋದರೂ ಏನೂ ತಪ್ಪಿಹೋಗದ ಹಾಗೆ ಕಟ್ಟುವುದು ಸಣ್ಣ ಕಲೆಯಲ್ಲ. ವಿಮರ್ಶಕರು ಇದನ್ನು ದೋಷವೆಂದರು. ಆ ವಿಮರ್ಶಕರೆಲ್ಲ ಆಫೀಸಿಗೆ ಹತ್ತಿರ ಮನೆ ಮಾಡಿದವರು. 2004ರಲ್ಲಿ ಇದೇ ತಂಡ 111 ನಿಮಿಷದ ಕಂತೊಂದನ್ನು ಎಲ್ಲೂ ಕತ್ತರಿಸದೆ ಒಂದೇ ಹೊಡೆತಕ್ಕೆ ಚಿತ್ರಿಸಿ ಗಿನ್ನೆಸ್ ದಾಖಲೆ ಮಾಡಿತು. ಪಂಡಿತರಿಗೆ ಅದು ವಿಸ್ಮಯ. ಒಂದೂವರೆ ಗಂಟೆ ಒಂದೇ ಕಾಲಲ್ಲಿ ಕಟ್ ಇಲ್ಲದೆ ನಿಲ್ಲುವ ಊರಿನವರು ಮಾತ್ರ, ಹೌದಾ, ಎಂದು ಸಾರಿಗೆ ಇನ್ನಷ್ಟು ಅನ್ನ ಕಲಸಿದರು.

ಹೀಗಿರುವಾಗ ಪತ್ತೇದಾರನಿಗೆ ಸಾವಿಲ್ಲವೆಂಬುದು ಸಿದ್ಧಾಂತದ ಉಪಫಲ. ಕಾನನ್ ಡಾಯ್ಲ್ 1893ರಲ್ಲಿ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿ ಕೈತೊಳೆದುಕೊಂಡರು, ಓದುಗರ ಕಾಟಕ್ಕೆ 1903ರಲ್ಲಿ ವಾಪಸ್ ತಂದರು. 2025ರ ಏಪ್ರಿಲ್‌ನಲ್ಲಿ ಎಸಿಪಿ ಪ್ರದ್ಯುಮ್ನ ತೀರಿಕೊಂಡರೆಂದು ವಾಹಿನಿಯೇ ಸಾರಿ, ಪ್ರೇಕ್ಷಕರು ಗದ್ದಲ ಎಬ್ಬಿಸಿ, ಸಾಹೇಬರು ಕೆಲವೇ ವಾರದಲ್ಲಿ ಮರಳಿದರು. ಹೋಮ್ಸ್‌ಗೆ ಹತ್ತು ವರ್ಷ ಹಿಡಿದದ್ದು ಇವರಿಗೆ ವಾರಗಳಲ್ಲಿ ಆಯಿತು. ಸುದ್ದಿ ಬಂದ ದಿನ ದೊಡ್ಡಮ್ಮ ವಿಚಲಿತರಾಗಲಿಲ್ಲ. ‘ಹೆಣ ತೋರಿಸಿದ್ರಾ? ಇಲ್ಲ ಅಲ್ವಾ? ಮತ್ತೆ ಎಂತಕ್ಕೆ ಗಡಿಬಿಡಿ ಮಾರಾಯ’ ಎಂದು ಕೇಳಿ ಅವಲಕ್ಕಿಗೆ ಒಗ್ಗರಣೆ ಹಾಕಿದರು. ಫ್ರೆಡ್ರಿಕ್ಸ್ ಪಾತ್ರದ ದಿನೇಶ್ ಫಡ್ನಿಸ್ 2023ರ ಡಿಸೆಂಬರ್‌ನಲ್ಲಿ ನಿಜವಾಗಿ ತೀರಿಕೊಂಡಾಗ ಇದೇ ದೊಡ್ಡಮ್ಮ ಎರಡು ದಿನ ಟಿವಿ ಹಾಕಿರಲಿಲ್ಲ. ಸಾವುಗಳಲ್ಲಿ ಭೇದವೆಣಿಸಲು ಅವರಿಗೆ ಶಾಸ್ತ್ರದ ನೆರವು ಬೇಕಿಲ್ಲ.

ಉಳಿದಿರುವ ಆಕ್ಷೇಪ ಒಂದು, ಅದು ಭಾರಿಯದು. ಅಂಬರನಾಥದ ಯಾವ ಸೊಸೈಟಿಗೆ ಹೋದರೂ ಫ್ಲಾಟಿಗೆ ಎರಡು ಬಾಗಿಲು. ಒಳಗೆ ಮರದ್ದು, ಹೊರಗೆ ಜಾಲರಿಯ ಸೇಫ್ಟಿ ಡೋರ್. ಮರದ್ದು ಒಳಕ್ಕೆ ತೆರೆಯುತ್ತದೆ, ಆದ್ದರಿಂದ ಒದೆಯಬಹುದು. ಸೇಫ್ಟಿ ಡೋರ್ ಹೊರಕ್ಕೆ ತೆರೆಯುತ್ತದೆ. ಅದನ್ನು ಒದ್ದಷ್ಟೂ ಚೌಕಟ್ಟಿಗೆ ಒತ್ತಿ ಕೂರುತ್ತದೆ. ಡಿಸ್ಕಸ್ ಎಸೆದ ಭುಜವಾಗಲಿ, ಕಟಪಾಡಿಯ ಮೀನುಸಾರು ಉಂಡ ದೇಹವಾಗಲಿ ಇಲ್ಲಿ ಕೆಲಸಕ್ಕೆ ಬಾರದು. ಅದರ ಮೇಲೆ ತೋರಣ, ಸಾಯಿಬಾಬಾ ಸ್ಟಿಕರ್, ಹಾಲಿನ ಚೀಲ. ಮುರಿದರೆ ಸೊಸೈಟಿಯ ಸೆಕ್ರೆಟರಿ ಖರ್ಚಿನ ಚೀಟಿ ಕೊಡುತ್ತಾನೆ, ಅದಕ್ಕೆ ಎಸಿಪಿಯ ಹತ್ತಿರವೂ ಉತ್ತರವಿಲ್ಲ. ಹಾಗಾದರೆ ಈ ಸಿದ್ಧಾಂತ ಹುಟ್ಟಿದ ಊರಿನಲ್ಲೇ ಸಿದ್ಧಾಂತದ ನಾಯಕ ನಿಷ್ಪ್ರಯೋಜಕನಾಗುತ್ತಾನಲ್ಲ? ಈ ವಿರೋಧವನ್ನು ಪರಿಹರಿಸಲು ಬಂಗಲೆವಾಸಿಗಳ ವಿಷಯಕ್ಕಷ್ಟೇ ಶಾಸ್ತ್ರ ಅನ್ವಯಿಸುತ್ತದೆಂದು ಸಂಕೋಚ ಮಾಡಬೇಕೋ, ಕೊಲೆಯಾಗುವ ಮನೆಗಳಿಗೆ ಸೇಫ್ಟಿ ಡೋರ್ ಹಾಕಿಸಿರುವುದಿಲ್ಲವೆಂದು ವ್ಯಾಪ್ತಿ ಹೇಳಬೇಕೋ ತಿಳಿಯದೆ, ಕರಡನ್ನು ಹಿಡಿದು ಎರಡನೇ ಮಾಳಿಗೆಗೆ ಹೋದೆ.

ದೊಡ್ಡಮ್ಮ ಜಾಲರಿಯ ಆಚೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಪೂರ್ತಿ ಕೇಳಿದರು. ‘ಬೆಲ್ ಉಂಟಲ್ವಾ ಮಗಾ, ಅದನ್ನು ಒತ್ತಲಿಕ್ಕೆ ಎಂತ ಆಗ್ತದೆ ಅವನಿಗೆ?’ ಎಂದರು. ‘ಊರಿನ ಹುಡುಗ. ನಾನೇ ಬಾಗಿಲು ತೆಗೆದು ಒಂದು ಲೋಟ ಕಾಫಿ ಕೊಡ್ತಿದ್ದೆ.’

ಅವರದೇ ಎರಡನೆಯ ಸೂತ್ರದ ಪ್ರಕಾರ, ಪೊಲೀಸರಿಗೆ ಕುಡಿಯಲು ಏನು ಬೇಕೆಂದು ಕೇಳಿದವರು ಯಾರಾಗುತ್ತಾರೆಂದು ನಾನು ನೆನಪಿಸಲಿಲ್ಲ.